ವಯಸ್ಸು ಕೇಳದ ಫೋನು

ಬಸವನ ಬಾಗೇವಾಡಿ
9-6-2026

ಚಿ. ಸೌ. ಯಶೋಧಾಳಿಗೆ,

ಸೊಸೆಗೆ ಪತ್ರ ಬರೆಯುವಾಗ ಮೊದಲು ಆಶೀರ್ವಾದ ಬರೆಯುವುದು ನಮ್ಮ ಮನೆಯ ಪದ್ಧತಿ. ಬರೆದಿದ್ದೇನೆ ಎಂದು ತಿಳಿದುಕೊ.

ನೀನು ಮಗಳನ್ನು ಕರೆದುಕೊಂಡು ಮನೆ ಬಿಟ್ಟು ಮೂರು ತಿಂಗಳಾದ ಮೇಲೆ ನಿನ್ನದೊಂದು ಕಾರ್ಡು ಬಂತು. ‘ನಾನೂ ವರದಾ ಚೆನ್ನಾಗಿದ್ದೇವೆ, ಹುಡುಕಬೇಡಿ’ ಎಂದು ಎರಡು ಸಾಲು. ಕೆಳಗೆ ಮುದ್ದೇಬಿಹಾಳದ ಸಗೀರಾ ಎಂಬವಳ ಹೊಲಿಗೆ ಕ್ಲಾಸಿನ ವಿಳಾಸ. ಸಂಸಾರದ ಮಾತನ್ನು ಯಾರಾದರೂ ತೆರೆದ ಕಾರ್ಡಿನಲ್ಲಿ ಬರೆಯುತ್ತಾರೆಯೇ? ಪುಣ್ಯಕ್ಕೆ ಅಂಚೆಯವನು ಅದನ್ನು ಕಸಮುಸುರೆಯ ಹುಚ್ಚವ್ವನ ಕೈಗೆ ಕೊಟ್ಟ. ಅವಳಿಗೆ ಓದು ಬಾರದು. ‘ಅವ್ವಾರ, ಇದು ನಿಮ್ಮ ಸೊಸಿ ಅಕ್ಷರ ಇದ್ದಂಗ ಐತ್ರಿ’ ಎಂದು ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟಳು. ಓದು ಬಾರದವಳು ನಿನ್ನ ಅಕ್ಷರದ ಗುರುತು ಹಿಡಿದಳು.

ನಿನ್ನ ಗಂಡ ಗೋವಿಂದ ಸಿಂದಗಿಗೆ ಎರಡು ಸಲ ಹೋಗಿ ನಿನ್ನ ಅಣ್ಣ ಶ್ರೀವಲ್ಲಭನ ಮನೆಯನ್ನು ಜಾಲಾಡಿ ಬಂದ. ಓಣಿಯ ಮಂದಿಗೆ ನಾನು, ‘ಮೊಮ್ಮಗಳ ಶಾಲೆಗಾಗಿ ಸೊಸೆ ತವರಿನಲ್ಲಿದ್ದಾಳೆ’ ಎಂದಿದ್ದೇನೆ. ಎಷ್ಟು ದಿನ ನಂಬುತ್ತಾರೋ ನೋಡಬೇಕು.

ಯಾರ ಫೋನು ಎಲ್ಲಿದೆ ಎಂದು ಹೇಳಬಲ್ಲ ಗೆಳೆಯನೊಬ್ಬ ಗೋವಿಂದನಿಗಿದ್ದಾನೆ. ನಿನ್ನ ಫೋನು ಕೊನೆಗೆ ಕೊಲ್ಹಾರದ ಸೇತುವೆಯ ಮೇಲಿತ್ತು ಎಂದು ಅವನು ಹೇಳಿದ. ಹಿನ್ನೀರಿನಲ್ಲಿ ಮೀನುಗಾರರಿಂದ ಹುಡುಕಿಸಿದೆವು. ಆ ದಿನಗಳಲ್ಲಿ ನನಗೆ ಅನ್ನ ಇಳಿಯಲಿಲ್ಲ. ಇದನ್ನು ನಿನಗೆ ತಿಳಿಸಬೇಕಾದ್ದಿಲ್ಲ, ಆದರೂ ಬರೆದೆ.

ನಮ್ಮ ಮನೆಯ ರೀತಿ ನಿನಗೆ ಗೊತ್ತಿದೆ. ಯಾರ ಫೋನಿಗೂ ಕೀಲಿ ಇಲ್ಲ. ಮನೆಗೆ ಬಂದ ಮೇಲೆ ಎಲ್ಲರ ಫೋನೂ ಪಡಸಾಲೆಯ ಗೋಡೆಯ ಗೂಡಿನಲ್ಲಿರಬೇಕು, ರಿಂಗಾದರೆ ಹತ್ತಿರ ಇದ್ದವರು ಎತ್ತಬೇಕು. ಮನೆಮಂದಿಯ ಆಧಾರ್, ಬ್ಯಾಂಕು, ವರದಾಳ ಶಾಲೆ, ಎಲ್ಲಕ್ಕೂ ನನ್ನದೊಂದೇ ನಂಬರು ಕೊಟ್ಟಿದ್ದೇನೆ. ಮನೆಗೆ ಒಬ್ಬರೇ ಹಿರಿಯರಿರಬೇಕು. ಆ ರೀತಿಯನ್ನು ಮೊದಲು ಮುರಿದವಳು ನೀನು. ಫೋನಿಗೆ ಕೀಲಿ ಹಾಕಿದ ದಿನವೇ ನಿನ್ನ ಮನಸ್ಸು ಮನೆಯಿಂದ ಹೊರಗೆ ಹೋಯಿತು.

ಯಾವ ಊರಿನಲ್ಲಿದ್ದೀ, ಹೊಸ ಫೋನು ಹಿಡಿದೇ ಇರುತ್ತೀ, ಅದು ಎಂಥದ್ದು, ಯಾರು ಕೊಟ್ಟರು, ಎಲ್ಲವನ್ನೂ ಬರೆ. ಮುಚ್ಚಿದ ಲಕೋಟೆಯಲ್ಲಿ ಬರೆ.

ಗೋದೂಬಾಯಿ


22-6-2026

ತೀರ್ಥರೂಪ ಅತ್ತೆಯವರಿಗೆ,

ದೂರದಿಂದಲೇ ತಲೆಬಾಗಿದ್ದೇನೆ. ನೀವು ಊಟ ಬಿಟ್ಟಿದ್ದು ಓದಿ ಸಂಕಟವಾಯಿತು. ಫೋನನ್ನು ನೀರಿಗೆ ಎಸೆದಾಗ ಅದು ಹೀಗೆ ಕಾಣುತ್ತದೆ ಎಂದು ಹೊಳೆದಿರಲಿಲ್ಲ. ಬಸ್ಸು ಸೇತುವೆ ದಾಟುತ್ತಿತ್ತು, ಕಿಟಕಿ ತೆರೆದಿತ್ತು, ಅಷ್ಟೇ.

ಊರಿನ ಹೆಸರು ಬರೆಯುವುದಿಲ್ಲ, ಸಿಟ್ಟಾಗಬೇಡಿ. ಸಗೀರಾ ನನ್ನ ಜೊತೆ ಬಿ.ಎ. ಓದಿದವಳು. ನಿಮ್ಮ ಪತ್ರಗಳನ್ನು ಅವಳೇ ನನಗೆ ಮುಟ್ಟಿಸುತ್ತಾಳೆ, ನನ್ನವನ್ನು ಮುದ್ದೇಬಿಹಾಳದಿಂದ ಅಂಚೆಗೆ ಹಾಕುತ್ತಾಳೆ.

ಫೋನಿನ ಬಗ್ಗೆ ಕೇಳಿದ್ದೀರಿ. ಸಗೀರಾಳ ತಮ್ಮ ಫಿರೋಜನಿಗೆ ಮೊಬೈಲ್ ರಿಪೇರಿ ಅಂಗಡಿ ಇದೆ. ಒಂದು ಹಳೆಯ ಫೋನು ತಂದು, ಅದರೊಳಗಿದ್ದುದನ್ನೆಲ್ಲ ಅಳಿಸಿ, ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟ. ಪಗಾರವಿಲ್ಲದೆ ಕೆಲಸ ಮಾಡುವ ಯಾರೋ ಪರದೇಶದವರು ಅದನ್ನು ಮಾಡಿದ್ದಾರಂತೆ. ಹಿಡಿದವರು ಯಾರು, ಎಲ್ಲಿದ್ದಾರೆ, ಏನು ನೋಡಿದರು ಎಂದು ಅದು ಯಾರಿಗೂ ಹೇಳುವುದಿಲ್ಲ. ‘ಅಕ್ಕಾರ, ಇದು ಚಾಡಿ ಹೇಳದ ಫೋನ್ ರೀ. ನಮ್ಮ ಅಕ್ಕಗಿಂತ ವಾಸಿ’ ಎಂದು ಫಿರೋಜ ನಕ್ಕ. ಸಗೀರಾ ಅವನ ತಲೆಗೆ ಮೊಟಕಿದಳು.

ನಿಮ್ಮ ಮಾವಶಿಯ ಮನೆಯ ಅರಿಷಿಣ-ಕುಂಕುಮಕ್ಕೆ ನಾನು ಹೋದಾಗ ಇವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಶ್ರೀವಲ್ಲಭಣ್ಣನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದಾಗಲೂ ಬಂದರು. ‘ಎಷ್ಟು ಕಾಳಜಿ ನೋಡು ಅವಂಗ’ ಎಂದಿರಿ ನೀವು. ಅವರನ್ನು ಕರೆತಂದದ್ದು ಕಾಳಜಿಯಲ್ಲ, ನಾನಿರುವ ಜಾಗ ತೋರಿಸುವ ನನ್ನ ಫೋನು. ಅದಕ್ಕೇ ಕೀಲಿ ಹಾಕಿದೆ, ಒಂದೇ ಸಲ. ಆ ಸಲ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ.

ವರದಾ ಏಳನೆಯ ಇಯತ್ತೆಗೆ ಸೇರಿದ್ದಾಳೆ. ನಾನು ದುಡಿಯುತ್ತಿದ್ದೇನೆ, ಊಟಕ್ಕೆ ಕೊರತೆ ಇಲ್ಲ.

ಯಶೋಧಾ


ಬಸವನ ಬಾಗೇವಾಡಿ
8-7-2026

ಚಿ. ಸೌ. ಯಶೋಧಾಳಿಗೆ,

ನಿನ್ನ ಪತ್ರ ಓದಿದೆ. ಗಂಡ ಹೆಂಡತಿಯನ್ನು ಹುಡುಕಿಕೊಂಡು ಬರುವುದು ತಪ್ಪು, ಹೆಂಡತಿ ಬಸ್ಸಿನ ಕಿಟಕಿಯಿಂದ ಸಂಸಾರವನ್ನು ಹೊಳೆಗೆ ಎಸೆಯುವುದು ಸರಿ, ಹೀಗೆ ನಿನ್ನ ನ್ಯಾಯ. ಇರಲಿ.

ನಾನು ಮ್ಯಾಟ್ರಿಕ್‌ವರೆಗೆ ಓದಿದವಳು. ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ನಮ್ಮ ಹಿಂದಿನ ಓಣಿಯ ಒಂಬತ್ತನೆಯ ಇಯತ್ತೆಯ ಹುಡುಗಿಗೆ ಫೋನಿನಲ್ಲಿ ಒಬ್ಬ ಗೆಳೆಯನಾದ. ಕಾಲೇಜು ಹುಡುಗ ಎಂದು ಹೇಳಿಕೊಂಡವನು ಮಕ್ಕಳೊಂದಿಗ ಗೃಹಸ್ಥ. ಅವಳ ಫೋಟೋಗಳನ್ನು ಎಲ್ಲೆಲ್ಲೋ ಹಾಕಿದ. ಆ ಹುಡುಗಿ ಈಗ ಶಾಲೆಗೆ ಹೋಗುವುದಿಲ್ಲ, ಅಂಗಳಕ್ಕೂ ಬರುವುದಿಲ್ಲ. ಇಂಥದಕ್ಕೇ ಹೊಸ ನಿಯಮ ಬಂದಿದೆ. ಇನ್ನು ಮೇಲೆ ಪ್ರತಿ ಫೋನೂ ಹಿಡಿದವರ ವಯಸ್ಸು ಕೇಳುತ್ತದೆ, ಆಧಾರ್ ನೋಡುತ್ತದೆ. ಹದಿನೆಂಟು ತುಂಬದವರಿಗೆ ಮನೆಯ ಹಿರಿಯರ ಒಪ್ಪಿಗೆ ಬೇಕು. ಇದರಲ್ಲಿ ತಪ್ಪೇನಿದೆ? ನಮ್ಮ ಮನೆಯಲ್ಲಿ ನಾನು ಮೊದಲಿನಿಂದ ಮಾಡಿದ್ದನ್ನೇ ಸರಕಾರ ಈಗ ಮಾಡುತ್ತಿದೆ.

ಅದೇ ಪುಟದ ಮೂಲೆಯಲ್ಲಿ ಇನ್ನೊಂದು ಸುದ್ದಿ ಇತ್ತು. ಫೋನಿನ ಸಿಸ್ಟಮ್ ಮಾಡುವ ಕೆಲವರು, ‘ನಾವು ಯಾರ ವಯಸ್ಸನ್ನೂ ಕೇಳುವುದಿಲ್ಲ, ದಂಡ ಹಾಕಿದರೂ ಕೇಳುವುದಿಲ್ಲ’ ಎಂದಿದ್ದಾರಂತೆ. ನಿನ್ನ ಪರದೇಶದವರು ಇವರೇ ಇರಬೇಕು. ಬಂದವರ ಹೆಸರು ಕೇಳದ ಧರ್ಮಶಾಲೆಯಲ್ಲಿ ಎಂಥವರು ಇಳಿದುಕೊಳ್ಳುತ್ತಾರೆ ಎಂದು ನಿನಗೆ ತಿಳಿಯದೇ? ಅಂಥ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟಿದ್ದೀ. ಮರ್ಯಾದೆಯಿಂದ ಬದುಕುವವಳಿಗೆ ಮುಚ್ಚಿಡುವುದು ಏನಿರುತ್ತದೆ?

ನಿನ್ನೆ ಊಟಕ್ಕೆ ಕೂತಾಗ ಗೋವಿಂದ ಕೇಳಿದ.

‘ಆಯಿ, ನಿನಗ ಏನರ ಸುದ್ದಿ ಬಂದದೇನು?’

‘ನನಗ ಯಾರು ಸುದ್ದಿ ಕೊಡ್ತಾರೋ?’

‘ಹುಚ್ಚವ್ವನ ಕೈಯಾಗ ಲಕೋಟಿ ಇತ್ತಂತ.’

‘ಮಠದ್ದು. ಚಾತುರ್ಮಾಸದ್ದು ಕೇಳಿ ಬರದಿದ್ದೆ.’

ಅನ್ನದ ಮುಂದೆ ಕೂತು ನಾನು ಸುಳ್ಳು ಹೇಳಿದೆ. ನಿನ್ನಿಂದ. ಅವನು ತಾಟು ಸರಿಸಿ ಎದ್ದುಹೋದ.

ಗೋದೂಬಾಯಿ


27-7-2026

ತೀರ್ಥರೂಪ ಅತ್ತೆಯವರಿಗೆ, ನಮಸ್ಕಾರ.

ನೀವು ಹೇಳಿದ ಹುಡುಗಿಯ ಸುದ್ದಿ ಓದಿ ನನಗೂ ನಿದ್ದೆ ಬರಲಿಲ್ಲ. ನಿಯಮ ಬೇಡವೇ ಬೇಡ ಎಂದು ವಾದಿಸುವಷ್ಟು ತಿಳಿದವಳು ನಾನಲ್ಲ. ನನ್ನ ಮನೆಯಲ್ಲಿ ಆದದ್ದನ್ನಷ್ಟೇ ಹೇಳುತ್ತೇನೆ.

ವರದಾಳ ಶಾಲೆಯಲ್ಲಿ ಹಾಜರಿ, ಮನೆಪಾಠ, ಪರೀಕ್ಷೆ ಎಲ್ಲವೂ ಒಂದು ಆ್ಯಪ್‌ನಲ್ಲಿ. ಹೊಸ ನಿಯಮ ಬಂದ ಮೇಲೆ ಆ ಆ್ಯಪ್ ತೆರೆದ ಕೂಡಲೇ, ಹಿಡಿದವರ ವಯಸ್ಸೆಷ್ಟು ಎಂದು ಫೋನನ್ನು ಕೇಳುತ್ತದೆ. ನಮ್ಮ ಫೋನು ಉತ್ತರ ಕೊಡುವುದಿಲ್ಲ. ಆ್ಯಪ್ ಮುಚ್ಚಿಕೊಳ್ಳುತ್ತದೆ. ಮನೆಪಾಠ ಗೊತ್ತಾಗದೆ ವರದಾ ವಾರದಲ್ಲಿ ನಾಲ್ಕು ದಿನ ಕ್ಲಾಸಿನಲ್ಲಿ ನಿಂತೇ ಇರುತ್ತಾಳೆ. ಈಗ ಹಿಂದಿನ ಬೆಂಚಿಗೆ ಕಳಿಸಿದ್ದಾರೆ.

‘ಅಮ್ಮಾ, ನನಗ ಹನ್ನೆರಡು ವರ್ಷ ಅನ್ನೂದು ಗುಟ್ಟೇನು? ಹೇಳಿದ್ರ ಏನಾಗ್ತದ?’ ಎಂದು ಜಗಳ ತೆಗೆದಳು.

ವಯಸ್ಸು ಒಂದೇ ಹೋಗುವುದಿಲ್ಲ, ಅದರ ಜೊತೆ ಹೆಸರು, ತಂದೆಯ ಹೆಸರು, ಶಾಲೆ, ಊರು ಎಲ್ಲ ಹೋಗುತ್ತವೆ, ಒಪ್ಪಿಗೆ ಕೇಳುವ ಮೆಸೇಜು ನಿನ್ನ ಆಧಾರ್‌ಗೆ ಕೊಟ್ಟ ನಂಬರಿಗೆ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಆ ನಂಬರು ನಿಮ್ಮದು, ಅತ್ತೆ. ನನ್ನ ಆಧಾರ್‌ಗೂ ಅದೇ. ಬದಲಿಸಿಕೊಳ್ಳಲು ಆಧಾರ್ ಕೇಂದ್ರಕ್ಕೆ ಎರಡು ಸಲ ಹೋಗಿ ಬಂದೆ. ‘ಬಲಗೈ ಬೆರಳು ಯಂತ್ರಕ್ಕ ಹತ್ತವಲ್ದು, ಮತ್ತ ಬರ್ರಿ’ ಎಂದು ಕಳಿಸಿದರು.

ಆ ದಿನ ಫಿರೋಜ ಬಂದಿದ್ದ. ‘ಸಿಸ್ಟಮ್ ಮಾಡಿದ ಮಂದಿ ಭಾಳ ಗಟ್ಟಿ ಅದಾರ ರೀ. ಒಬ್ಬರಿಗೆ ಬಾಗಿಲಾ ತಗದ್ರ ಎಲ್ಲಾರಿಗೂ ತಗದಂಗ ಅಂತಾರ’ ಎಂದು ಹೆಮ್ಮೆಯಿಂದ ಹೇಳಿದ. ವರದಾ ತಟ್ಟನೆ, ‘ಅವ್ರಿಗೇನು ಮಾಮಾ, ಅವ್ರ ಮಕ್ಕಳು ಹಿಂದಿನ ಬೆಂಚಿನ್ಯಾಗ ಕೂತಾರೇನು?’ ಎಂದಳು. ಅವನು ತಲೆ ಕೆರೆದುಕೊಂಡ.

ನಿಯಮ ಮಾಡಿದವರು ಮಗುವಿಗೆ ಹೊರಗಿನವರ ಭಯ ಇರುತ್ತದೆ, ಮನೆಯವರು ಕಾಯುತ್ತಾರೆ ಎಂದುಕೊಂಡಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಅದು ನಿಜವೂ ಇರಬಹುದು. ನಮ್ಮ ವರದಾ ಇವತ್ತಿಗೂ ಮೆಟ್ಟಿಲ ಮೇಲೆ ಗಂಡಸಿನ ಚಪ್ಪಲಿ ಸಪ್ಪಳ ಕೇಳಿದರೆ ದೀಪ ಆರಿಸುತ್ತಾಳೆ.

ಯಶೋಧಾ


ಬಸವನ ಬಾಗೇವಾಡಿ
14-8-2026

ಚಿ. ಸೌ. ಯಶೋಧಾಳಿಗೆ,

ಅಕ್ಷರ ಸೊಟ್ಟಗಿವೆ, ಓದಿಕೊ. ಬಚ್ಚಲದಲ್ಲಿ ಕಾಲು ಜಾರಿ ಕೈ ಮೇಲೆ ಬಿದ್ದೆ. ದೊಡ್ಡದೇನೂ ಅಲ್ಲ.

ಪಂಚಮಿ ಬಂತು. ಶೇಂಗಾ ಉಂಡಿ, ತಂಬಿಟ್ಟು ಮಾಡಿಸಿದೆ. ನಾನು ಕೂತು ಹೇಳಿದೆ, ಹುಚ್ಚವ್ವ ಹುರಿದಳು, ಅರ್ಧ ಸೀಯಿಸಿದಳು. ‘ಸಣ್ಣಾಕಿ ಇದ್ದಿದ್ರ ಇಷ್ಟೊತ್ತಿಗೆ ಡಬ್ಬಿ ಖಾಲಿ ಆಗ್ತಿತ್ರಿ ಅವ್ವಾರ’ ಎಂದಳು. ಸುಮ್ಮನೆ ಕೆಲಸ ನೋಡು ಎಂದು ಬೈದೆ. ಅಂಗಳದ ಬೇವಿನ ಮರಕ್ಕೆ ಈ ವರ್ಷ ಜೋಕಾಲಿ ಕಟ್ಟಲಿಲ್ಲ.

ಮೊಮ್ಮಗಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸುವ ಆ ಶಾಲೆ ಯಾವುದು? ನಮ್ಮ ಮನೆತನದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತದ್ದು ಇಲ್ಲ. ನಿನ್ನ ಹಟಕ್ಕೆ ಮಗುವಿನ ಓದು ಯಾಕೆ ಹಾಳಾಗಬೇಕು? ಅಷ್ಟು ಹೆದರಿಕೆ ಇದ್ದರೆ, ಒಪ್ಪಿಗೆ ಕೊಡಲು ನಾನಿಲ್ಲವೇ? ನಂಬರು ನನ್ನದು, ಗೋವಿಂದನದಲ್ಲ.

ವರದಾಳ ಒಂದು ಫೋಟೋ ಕಳಿಸು. ಎತ್ತರ ಆಗಿದ್ದಾಳೆಯೇ? ಹಿಂದೆ ಮುಂದೆ ಏನೂ ಕಾಣದ ಹಾಗೆ ಗೋಡೆಗೆ ನಿಲ್ಲಿಸಿ ತೆಗೆದರೂ ಸಾಕು.

ಗೋದೂಬಾಯಿ


24-8-2026

ಅತ್ತೆಯವರಿಗೆ,

ಯಾವ ಕೈ? ಯಾರು ಕಟ್ಟು ಹಾಕಿದರು? ಡಾಕ್ಟರಿಗೆ ಏನು ಹೇಳಿದಿರಿ?

ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನಾನು ಫೋನಿಗೆ ಕೀಲಿ ಹಾಕಿದ ದಿನ ಅವರು ನನ್ನ ಬಲಗೈ ಬೆರಳುಗಳನ್ನು ಬಾಗಿಲ ಸಂದಿಯಲ್ಲಿ ಹಿಡಿದು ಬಾಗಿಲು ಹಾಕಿದರು. ದವಾಖಾನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು, ‘ಬಚ್ಚಲದಾಗ ಜಾರಿ ಬಿದ್ಲು’ ಎಂದಿರಿ. ಎಷ್ಟು ಸಲೀಸಾಗಿ ಬಂತು ಆ ಮಾತು ಎಂದು ನನಗೆ ಆಗ ಆಶ್ಚರ್ಯವಾಗಿತ್ತು. ಈಗ ಅದೇ ಮಾತನ್ನು ನಿಮ್ಮ ಬಗ್ಗೆ ನೀವು ನನಗೆ ಬರೆದಿದ್ದೀರಿ.

ಅತ್ತೆ, ಅವರು ನಿಮ್ಮ ಮೇಲೂ ಕೈ ಮಾಡುತ್ತಿದ್ದಾರೆಯೇ? ಸಗೀರಾಳಿಗೆ ಗೊತ್ತಿರುವ ವಕೀಲರೊಬ್ಬರಿದ್ದಾರೆ. ನೀವು ಒಂದು ಮಾತು ಹೇಳಿದರೆ ನಿಮಗೂ ದಾರಿ ಇದೆ, ನನಗೂ.

ಫೋಟೋ ಕಳಿಸುವುದಿಲ್ಲ. ಅದು ನಿಮ್ಮ ಮನೆಯ ಯಾವ ಮೂಲೆಯಲ್ಲಿದ್ದರೂ ಅವರಿಗೆ ಸಿಗುತ್ತದೆ. ಒಪ್ಪಿಗೆಯ ಮಾತೂ ಬೇಡ. ವರದಾ ನನ್ನ ಭುಜಕ್ಕೆ ಬಂದಿದ್ದಾಳೆ. ನಿಮ್ಮ ಹಾಗೆ ಹುಬ್ಬು ಎತ್ತಿ ಮಾತಾಡುತ್ತಾಳೆ.

ಯಶೋಧಾ


9-9-2026

ಅತ್ತೆಯವರಿಗೆ,

ನನ್ನ ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆದಿಲ್ಲ. ಸಿಟ್ಟಾಗಿದ್ದರೆ ಆಗಲಿ. ಇದನ್ನು ಮಾತ್ರ ಓದಿ, ಓದಿದ ಕೂಡಲೇ ಮಾಡಿ.

ವರದಾ ನಿನ್ನೆ ಗೆಳತಿಯ ಫೋನಿನಲ್ಲಿ ಶಾಲೆಯ ಆ್ಯಪ್ ತೆರೆದು ತನ್ನ ಹೆಸರು, ಆಧಾರ್ ಎಲ್ಲ ಹಾಕಿದ್ದಾಳೆ. ಹಿರಿಯರ ನಂಬರು ಕೇಳಿದಾಗ ನಿಮ್ಮದನ್ನು ಕೊಟ್ಟಿದ್ದಾಳೆ. ಅವಳಿಗೆ ಬಾಯಿಪಾಠ ಇರುವುದು ಅದೊಂದೇ ನಂಬರು. ರಾತ್ರಿ ಊಟ ಬೇಡ ಎಂದಳು. ಕೇಳಿದಾಗ ಅತ್ತು ಹೇಳಿದಳು.

ನಿಮ್ಮ ಫೋನಿಗೆ ಒಂದು ಮೆಸೇಜು ಬಂದಿರುತ್ತದೆ. ಉತ್ತರ ಕೊಡಬೇಡಿ. ಅಳಿಸಿಬಿಡಿ. ಅಳಿಸಲು ಬರದಿದ್ದರೆ ಫೋನನ್ನು ಗೂಡಿನಲ್ಲಿ ಇಡಬೇಡಿ, ನಿಮ್ಮ ಹಾಸಿಗೆಯ ಕೆಳಗೆ ಇಟ್ಟುಕೊಳ್ಳಿ. ನಿಮ್ಮ ನಂಬರಿಗೆ ಕರೆ ಮಾಡಲು ನನಗೆ ಧೈರ್ಯವಿಲ್ಲ, ಯಾರು ಎತ್ತುತ್ತಾರೋ ಗೊತ್ತಿಲ್ಲ. ಸಗೀರಾ ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಾಳೆ.

ಯಶೋಧಾ


ಬಸವನ ಬಾಗೇವಾಡಿ
10-9-2026

ಚಿ. ಸೌ. ಯಶೋಧಾಳಿಗೆ,

ಆಗಸ್ಟಿನ ನಿನ್ನ ಪತ್ರಕ್ಕೆ ಉತ್ತರ ಬರೆಯುವುದಿಲ್ಲ ಎಂದು ನಿಶ್ಚಯಿಸಿದ್ದೆ. ಮಗನ ಬಗ್ಗೆ ಹಾಗೆ ಬರೆದ ಪತ್ರವನ್ನು ಒಲೆಗೆ ಹಾಕಿದೆ. ಆದರೆ ಮೊನ್ನೆ ನಡೆದದ್ದನ್ನು ತಿಳಿಸದೆ ಇರಲಾರೆ.

ಸಂಜೆ ದೇವರ ದೀಪ ಹಚ್ಚಿ ಪಡಸಾಲೆಗೆ ಬಂದಾಗ ನನ್ನ ಫೋನಿಗೆ ಮೆಸೇಜು ಬಂತು. ಕನ್ನಡಕ ಹಾಕಿಕೊಂಡು ಓದಿದೆ. ವರದಾಳ ಪೂರ್ತಿ ಹೆಸರು, ವಯಸ್ಸು 12, ಶಾಲೆಯ ಹೆಸರು, ಊರು ಇಂಡಿ. ಹಿರಿಯರು ಒಪ್ಪಿದರೆ 1 ಎಂದು ಕಳಿಸಿರಿ. ಆರು ತಿಂಗಳ ಮೇಲೆ ಮೊಮ್ಮಗಳ ಹೆಸರು ಓದಿದೆ. ನೀವು ಮುದ್ದೇಬಿಹಾಳದಲ್ಲಿದ್ದೀರಿ ಎಂದುಕೊಂಡಿದ್ದೆ, ಇಂಡಿಯಲ್ಲಿ ಕೂತಿದ್ದೀರಿ.

ನೀನು ನನ್ನನ್ನು ದೂರ ಇಟ್ಟರೂ ಆ ಕೂಸು ಯಾರನ್ನು ಕೇಳಬೇಕೋ ಅವರನ್ನೇ ಕೇಳಿದೆ. ತಂದೆಯನ್ನು ಕೇಳಲಿಲ್ಲ, ತಾಯಿಯನ್ನು ಕೇಳಲಿಲ್ಲ, ಅಜ್ಜಿಯನ್ನು ಕೇಳಿತು. ಮನೆಯ ಹಿರಿಯಳು ಎಂದು 1 ಒತ್ತಿ ಕಳಿಸಿದೆ. ಇನ್ನು ಮುಂದಿನ ಬೆಂಚಿನಲ್ಲಿ ಕೂಡಲಿ, ಚೆನ್ನಾಗಿ ಓದಲಿ.

ಗೋವಿಂದನಿಗೆ ಹೇಳಿಲ್ಲ. ನಾನು ಹೇಳುವುದಿಲ್ಲ ಎಂದರೆ ಹೇಳುವುದಿಲ್ಲ. ಇದಾದರೂ ನಿನಗೆ ಗೊತ್ತಿರಬೇಕು.

ಗೋದೂಬಾಯಿ


ಬಸವನ ಬಾಗೇವಾಡಿ
15-9-2026

ಯಶೋಧಾಳಿಗೆ,

ನಿನ್ನ ಒಂಬತ್ತನೆಯ ತಾರೀಖಿನ ಪತ್ರ ನನ್ನ ಕೈಗೆ ಬರುವಾಗ ಗೋವಿಂದ ಇಂಡಿಗೆ ಹೋಗಿಯಾಗಿತ್ತು.

ಫೋನು ಗೂಡಿನಲ್ಲಿತ್ತು. ಯಾವಾಗ ನೋಡಿದನೋ. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ‘ಆಯಿ, ನಿನ್ನ ಫೋನ್ ಒಯ್ತೀನಿ, ಕರೆನ್ಸಿ ಹಾಕಿಸ್ತೀನಿ’ ಎಂದು ನಕ್ಕು ಹೋದ. ಎಷ್ಟು ದಿನಗಳ ಮೇಲೆ ನಕ್ಕನಲ್ಲ ಎಂದು ನಾನು ಹಿಗ್ಗಿದೆ. ಶಾಲೆಯಲ್ಲಿ ಹೆಡ್‌ಮಾಸ್ತರರಿಗೆ ಆ ಮೆಸೇಜನ್ನೇ ತೋರಿಸಿದನಂತೆ. ಹುಡುಗಿಯ ಕಾಗದದಲ್ಲಿ ತಂದೆಯ ಹೆಸರಿದೆ, ಮನೆಯಿಂದ ಒಪ್ಪಿಗೆ ಬಂದಿದೆ, ಇನ್ನೇನು ಬೇಕು? ಕಳಿಸಿಕೊಟ್ಟರು.

ಮಧ್ಯಾಹ್ನ ವರದಾ ಅಂಗಳದಲ್ಲಿ ನಿಂತಿದ್ದಳು. ಬಾ ಎಂದು ಕೈ ಚಾಚಿದೆ. ನನ್ನ ಮುಖ ನೋಡಿ, ‘ಅಜ್ಜಿ, ನೀ ಹೇಳಿದ್ಯಾ?’ ಎಂದಳು. ಹೇಳಿಲ್ಲ ಎಂದೆ. ನಂಬಲಿಲ್ಲ. ಚೌತಿಯ ದಿನ ಕಡಬು ಮಾಡಿದೆ. ಮುಟ್ಟಲಿಲ್ಲ.

ಆದರೂ ಒಂದು ಮಾತು. ಮಗು ತನ್ನ ಮನೆಗೆ ಬಂದಿದೆ, ಕಳ್ಳರ ಕೈಗೆ ಸಿಕ್ಕಿಲ್ಲ. ದಿನ ಕಳೆದ ಹಾಗೆ ಹೊಂದಿಕೊಳ್ಳುತ್ತದೆ. ನೀನೂ ಬಂದುಬಿಡು. ನಾನಿದ್ದೇನೆ.

ಗೋದೂಬಾಯಿ


19-9-2026

ಅತ್ತೆ,

ಇಂಡಿಯ ಮನೆ ಬಿಟ್ಟಿದ್ದೇನೆ. ಪೊಲೀಸರನ್ನು ಕೇಳಿದೆ. ಮಗು ತಂದೆಯ ಹತ್ತಿರ ಇದ್ದರೆ ಅದು ಅಪಹರಣವಲ್ಲ, ಕೋರ್ಟಿಗೆ ಹೋಗಿ ಎಂದರು. ಆತ ಹೊಡೆಯುತ್ತಾನೆ ಎಂದೆ. ನೋಡಿದವರು ಯಾರು ಎಂದು ಕೇಳಿದರು. ನೋಡಿದವರು ನೀವೊಬ್ಬರೇ.

ನಾನು ಎಲ್ಲಿದ್ದೇನೆ ಎಂದು ನಿಮ್ಮ ಮಗ ವರದಾಳನ್ನು ಕೇಳುತ್ತಾರೆ. ಅವಳು ಹೇಳುವುದಿಲ್ಲ, ನಿಮ್ಮ ಮೊಮ್ಮಗಳು ಅವಳು. ಆಗ ನೀವು ಅಡಿಗೆಮನೆಗೆ ಹೋಗಬೇಡಿ. ಅಷ್ಟೇ ಕೇಳಿಕೊಳ್ಳುತ್ತೇನೆ.

ಯಶೋಧಾ


ಮುದ್ದೇಬಿಹಾಳ
29-9-2026

ಯಶೋಧಾ,

ಸಗೀರಾಳ ಹೊಲಿಗೆ ಕ್ಲಾಸಿನಲ್ಲಿ ಕೂತು ಬರೆಯುತ್ತಿದ್ದೇನೆ. ವರದಾ ನನ್ನ ಪಕ್ಕದಲ್ಲಿ ಬಟ್ಟೆಯ ಗಂಟಿನ ಮೇಲೆ ಮಲಗಿದ್ದಾಳೆ. ಗಾಯವೇನೂ ಇಲ್ಲ. ಅದನ್ನು ಮೊದಲು ತಿಳಿದುಕೊ.

ನಿನ್ನ ಪತ್ರ ಬಂದಾಗ ನಾನು ಅಡಿಗೆಮನೆಯಲ್ಲಿಯೇ ಇದ್ದೆ. ಅಲ್ಲಿಂದ ಎಲ್ಲವೂ ಕೇಳುತ್ತದೆ, ಏನೂ ಕಾಣುವುದಿಲ್ಲ. ಇಷ್ಟು ವರ್ಷ ನಾನು ನಿಂತದ್ದು ಅಲ್ಲಿಯೇ.

ಅವನು ದಿನಾ ಸಂಜೆ ಕೇಳುತ್ತಿದ್ದ. ನಿಮ್ಮಮ್ಮ ಎಲ್ಲಿ? ಯಾವ ಫೋನು? ಯಾರು ಕೊಟ್ಟರು? ಅವಳು ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ಮೊನ್ನೆ ಅವನ ದನಿ ಇಳಿಯಿತು. ಅವನ ದನಿ ಇಳಿದರೆ ಏನು ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಹೊರಗೆ ಬಂದೆ. ಅವಳ ಕೈ ಹಿಡಿದು ಬಾಗಿಲ ಹತ್ತಿರ ಒಯ್ದಿದ್ದ.

ನಾನು ಹೋಗಿ ನನ್ನ ಕೈಯನ್ನು ಬಾಗಿಲ ಸಂದಿಯಲ್ಲಿಟ್ಟೆ. ನೀನು ಕೇಳಿದೆಯಲ್ಲ, ಯಾವ ಕೈ ಎಂದು, ಅದೇ ಕೈ.

‘ಹಾಕು ಬಾಗಿಲಾ’ ಎಂದೆ.

‘ಆಯಿ, ಬಾಜೂಕ ಸರಿ ನೀನು.’

‘ಮೊದಲ ನನ್ನ ಕೈ ಅದ. ಹಾಕು. ಓಣಿ ಮಂದಿ ಕೇಳಿದ್ರ ಈ ಸಲ ಬಚ್ಚಲದ ಹೆಸರು ಹೇಳೂದಿಲ್ಲ.’

ಸಂದಿಯಲ್ಲಿದ್ದ ನನ್ನ ಕೈ ನೋಡಿದ. ಆಮೇಲೆ ಅವಳ ಕೈ ಬಿಟ್ಟು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಹೋದ. ನಾನು ಹೆತ್ತ ಮಗ. ಅವನ ಬರಿಗಾಲು ನೋಡಿ ಆಗಲೂ ಚಪ್ಪಲಿ ಹಿಡಿದು ಹೊಸ್ತಿಲವರೆಗೆ ಹೋದೆ. ಇದನ್ನು ನೀನು ಕ್ಷಮಿಸಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ಹುಚ್ಚವ್ವ ವರದಾಳನ್ನು ಬಸವಣ್ಣನ ಗುಡಿಗೆ ಎಂದು ಕರೆದುಕೊಂಡು ಹೋದಳು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕೂಡಿಕೊಂಡೆ. ‘ನಿಮ್ಮ ಮಗಾ ನನ್ನ ಕೆಲಸದಿಂದ ತಗೀತಾನ್ರಿ’ ಎಂದಳು ಹುಚ್ಚವ್ವ. ‘ತಗದ್ರ ತಗೀಲಿ. ಉಂಡಿ ಸೀಸೋದರ ತಪ್ಪತೈತಿ’ ಎಂದು ತಾನೇ ನಕ್ಕಳು, ಕಣ್ಣು ಒರೆಸಿಕೊಂಡಳು. ಬಸ್ಸಿನಲ್ಲಿ ವರದಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ತಾಳಿಕೋಟೆ ದಾರಿಯ ಬೋರ್ಡು ಕಂಡಾಗ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಅಷ್ಟು ಸಾಕು.

ಇಲ್ಲಿ ಮೂರು ಕೆಲಸ ಮುಗಿಸಿದ್ದೇನೆ.

ವಕೀಲರನ್ನು ಸಗೀರಾ ಕರೆಸಿದಳು. ನಾನು ಕಣ್ಣಿನಿಂದ ನೋಡಿದ್ದನ್ನು ಹೇಳಿ, ಓದಿಸಿ, ಸಹಿ ಮಾಡಿದ್ದೇನೆ. ನಿನ್ನ ಬೆರಳಿನದೂ, ನನ್ನ ಕೈಯದೂ. ಮಗುವನ್ನು ನಿನ್ನ ಸುಪರ್ದಿಗೆ ಬರೆಸಲು ಅದು ಬೇಕಂತೆ. ಕೋರ್ಟು ಕರೆದರೆ ಬರುತ್ತೇನೆ. ನಮ್ಮ ಮನೆತನದ ಹೆಸರು ಹೇಳಿ ಕೂಗುತ್ತಾರೆ, ಕೂಗಲಿ.

ಆಮೇಲೆ ಫಿರೋಜನ ಜೊತೆ ಫೋನ್ ಕಂಪನಿಯ ಅಂಗಡಿಗೆ ಹೋಗಿ ನನ್ನ ನಂಬರು ಮುಚ್ಚಿಸಿದೆ. ‘ಭಾಳ ಹಳೇ ನಂಬರ್ ಐತಲ್ರಿ ಅಜ್ಜಿ, ಯಾಕ ಬಿಡ್ತೀರಿ?’ ಎಂದ ಅಲ್ಲಿಯವನು. ‘ಅದಕ್ಕ ಭಾಳ ಮಂದಿ ಗೊತ್ತಾಗ್ಯಾರ’ ಎಂದೆ. ಇನ್ನು ವರದಾ ಯಾವ ಊರಿನ ಶಾಲೆಯಲ್ಲಿದ್ದಾಳೆ ಎಂಬ ಮೆಸೇಜು ನಮ್ಮ ಪಡಸಾಲೆಗೆ ಬರುವುದಿಲ್ಲ. ಕೋರ್ಟಿನ ಕಾಗದ ಕೈಗೆ ಬರುವವರೆಗೆ ಅವಳಿಗೆ ಆ್ಯಪ್ ಸಿಗುವುದಿಲ್ಲ, ಹಿಂದಿನ ಬೆಂಚೇ ಗತಿ. ಕೂಡಲಿ. ಜೀವದಿಂದ ಕೂಡಲಿ.

ಫಿರೋಜನನ್ನು ಕೇಳಿದೆ, ಆ ಪರದೇಶದ ಮಂದಿ ಇನ್ನೂ ವಯಸ್ಸು ಕೇಳುವುದಿಲ್ಲ ಎನ್ನುತ್ತಿದ್ದಾರೆಯೇ ಎಂದು. ‘ಹೌದ್ರಿ ಅಜ್ಜಿ, ಆದ್ರ ಅಂಥಾ ಫೋನ್ ಇನ್ನ ಮ್ಯಾಲ ಇಲ್ಲಿ ಸಿಗೂದು ಕಷ್ಟ ಐತಿ’ ಎಂದ. ನಿನ್ನದನ್ನು ಜೋಪಾನ ಮಾಡು. ಹಿಂದಿನ ಓಣಿಯ ಹುಡುಗಿಯನ್ನು ನಾನು ಮರೆತಿಲ್ಲ. ಅವಳಿಗೆ ಆ ನಿಯಮ ಬೇಕಿತ್ತು, ನಿನ್ನ ಮಗಳಿಗೆ ಅದರಿಂದ ಈ ಗತಿ ಬಂತು. ಎರಡನ್ನೂ ಕೂಡಿಸಿ ನ್ಯಾಯ ಹೇಳುವಷ್ಟು ನನ್ನ ಮ್ಯಾಟ್ರಿಕ್ ಓದು ಸಾಲದು.

ಸಂಜೆಯ ಬಸ್ಸಿಗೆ ನಾನು ಬಾಗೇವಾಡಿಗೆ ಹೋಗುತ್ತೇನೆ. ಇಲ್ಲಿಯೇ ಇರಿ ಎಂದು ಸಗೀರಾ ಹಟ ಹಿಡಿದಳು. ದೇವರ ಪೂಜೆ ಬಿಟ್ಟು ಪರರ ಮನೆಯಲ್ಲಿ ಇರುವವಳಲ್ಲ ನಾನು, ಮೇಲಾಗಿ ಅದು ನನ್ನ ಮನೆ. ಅವನು ಕೇಳುತ್ತಾನೆ. ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ. ನನ್ನ ವಯಸ್ಸಿನವಳ ಬಾಯಿ ಎಷ್ಟು ಗಟ್ಟಿ ಎಂದು ನನಗೇ ಗೊತ್ತಿಲ್ಲ. ಅದಕ್ಕೆ ಅವನು ಏನು ಮಾಡಿದರೂ ಹೇಳಲು ನನ್ನಲ್ಲಿ ಏನೂ ಇರಬಾರದು. ಸಗೀರಾ ಕೂಡ ಕ್ಲಾಸನ್ನು ಬೇರೆ ಕಡೆ ಒಯ್ಯುತ್ತಾಳಂತೆ. ಹೊಸ ವಿಳಾಸ ನನಗೆ ಕೊಡಬೇಡ ಎಂದಿದ್ದೇನೆ. ನೀನು ಉತ್ತರ ಬರೆಯಬೇಡ. ಹಬ್ಬಕ್ಕೂ ಬರೆಯಬೇಡ. ನಾನು ಹೋದ ಸುದ್ದಿ ಪೇಪರಿನಲ್ಲಿ ಕಂಡರೂ ಬರಬೇಡ.

ವರದಾಳನ್ನೂ ಈ ಪತ್ರವನ್ನೂ ಫಿರೋಜ ನಿನಗೆ ಮುಟ್ಟಿಸುತ್ತಾನೆ. ವರದಾ ಎದ್ದಿದ್ದಾಳೆ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಈಗತಾನೆ ಸಗೀರಾ, ‘ಅತ್ತೀ, ಇವರು ಹೋಗೋ ಊರು...’ ಎಂದು ಶುರು ಮಾಡಿದಳು. ನಾನು ಕಾಗದ, ಪೆನ್ನು ಹಿಡಿದುಕೊಂಡು ಹೊರಗೆ ಬಂದೆ. ಈ ಕೊನೆಯ ಸಾಲುಗಳನ್ನು ಕಟ್ಟೆಯ ಮೇಲೆ, ರಸ್ತೆಗೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದೇನೆ. ಅವರು ಯಾವ ಕಡೆಯ ಬಸ್ಸು ಹತ್ತುತ್ತಾರೋ ನನಗೆ ಕಾಣಬಾರದು.

ಗೋದೂಬಾಯಿ